ಬಾಡಿಗೆ ಕೋಣೆಗೆ, ಕೆರೆಗಲ್ಲ

ತಿಪಟೂರಿನಿಂದ ಹೊನ್ನವಳ್ಳಿ ಕಡೆಗೆ ಹೋಗುವ ದಾರಿಯಲ್ಲಿ ನಮ್ಮ ತೋಟ. ಆರು ಎಕರೆ ತೆಂಗು, ನಡುನಡುವೆ ಒಂದಿಷ್ಟು ಅಡಿಕೆ, ಬಾಳೆ, ಮೇಲುಗಡೆ ರಾಗಿ ಹೊಲ, ಬೇಲಿ ದಾಟಿದರೆ ಊರ ಕೆರೆ. 2014ರಲ್ಲಿ ಕೃಷಿಭಾಗ್ಯ ಯೋಜನೆ ಬಂದ ಮೇಲೆ ಹೊಲದ ಮೂಲೆಗೊಂದು ಕೃಷಿಹೊಂಡ ತೆಗೆಸಿದೆವು. ಮರುವರ್ಷ ಅದರ ಕೆಳಗೆ ಮಣ್ಣಿನ ಕೊಳವೊಂದನ್ನು ತೋಡಿಸಿ ಕಾಟ್ಲಾ, ರೋಹು, ಗೆಂಡೆ ಮರಿ ಬಿಟ್ಟೆವು. ಬೆಂಗಳೂರಿನಲ್ಲಿದ್ದ ಮಗನ ಗೆಳೆಯರು ಶನಿವಾರ ಬಂದು ಗಾಳ ಹಾಕಿ ಭಾನುವಾರ ಸಂಜೆ ರೈಲು ಹತ್ತುತ್ತಿದ್ದರು. ಆಮೇಲೆ ಅವರ ಗೆಳೆಯರು ಬಂದರು, ಅವರ ಮನೆಯವರು ಬಂದರು. ಕಾಯಿ ತುಂಬುತ್ತಿದ್ದ ಹಳೇ ಮನೆಯ ಎರಡು ಕೋಣೆಗೆ ಸುಣ್ಣ ಹೊಡೆಸಿ, ದುಡ್ಡು ತೆಗೆದುಕೊಂಡು ಇರಿಸಿಕೊಳ್ಳಲು ಶುರುಮಾಡಿದ್ದು ಹಾಗೆ.

ಮನೆಗೆ ನೆಂಟರು ಬಂದರೆ ಹೇಗಿರಬೇಕು ಅಂತ ಅತ್ತೆ ನನಗೆ ಮದುವೆಯಾದ ವಾರದಲ್ಲೇ ಕಲಿಸಿದ್ದರು. ದುಡ್ಡು ಕೊಟ್ಟು ಬರುವವರಿಗೆ ಏನು ಹೇಳಬೇಕು, ಯಾವಾಗ ಬೇಡ ಅನ್ನಬೇಕು ಅಂತ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಒಂದೊಂದು ನಿಯಮಕ್ಕೂ ಒಂದೊಂದು ತಪ್ಪು ನಡೆದಿದೆ. ಕೆಲವು ಬಂದವರ ತಪ್ಪು, ಹೆಚ್ಚಿನವು ನಾವು ಮೊದಲೇ ಹೇಳದೆ ಇದ್ದ ತಪ್ಪು. ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯಿಂದ ತೋಟದ ಮನೆ ಮಾಡಬೇಕು ಅಂದುಕೊಂಡವರು ನಮ್ಮಲ್ಲಿಗೆ ಕೇಳಲು ಬರುತ್ತಿರುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

1. ಬೇಟೆ ಇಲ್ಲ ಅನ್ನುವುದನ್ನು ಫೋನಿನಲ್ಲೇ ಹೇಳಿಬಿಡಿ

ಕೋಣೆ ಕೇಳುವ ಮೊದಲೇ ಕೆಲವರು ಕೇಳುವ ಪ್ರಶ್ನೆ ಇದು: "ಮೇಡಂ, ರಾತ್ರಿ ಷಿಕಾರಿಗೆ ಕರ್ಕೊಂಡು ಹೋಗ್ತೀರಾ? ಮೊಲ, ಕಾಡುಹಂದಿ ಏನಾದ್ರೂ ಸಿಗುತ್ತಾ?" ಕೇಳುವವರೆಲ್ಲ ಕೆಟ್ಟವರಲ್ಲ. ನಮ್ಮ ಮಾವನವರು ಒಂದು ಕಾಲಕ್ಕೆ ಈ ಸೀಮೆಯ ಹೆಸರುವಾಸಿ ಷಿಕಾರಿ ಅಂತ ಯಾರೋ ಹೇಳಿರುತ್ತಾರೆ. ಇನ್ನು ಕೆಲವರು ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್‌ಸನ್ನರ ಕಾಡಿನ ಕಥೆಗಳನ್ನು ಓದಿಕೊಂಡು ಬರುತ್ತಾರೆ. ಮನುಷ್ಯರ ಮೇಲೆ ಬೀಳುತ್ತಿದ್ದ ಕರಡಿಯೊಂದನ್ನು ಆಂಡರ್‌ಸನ್ ಬೆನ್ನು ಹತ್ತಿದ್ದು ಇಲ್ಲೇ ಪಕ್ಕದ ಅರಸೀಕೆರೆ ಸುತ್ತಿನ ಗುಡ್ಡಗಳಲ್ಲಿ. ಹಾಗಾಗಿ ಅವರ ಮನಸ್ಸಿನಲ್ಲಿ ಈ ಊರು ಇನ್ನೂ ಆ ಪುಸ್ತಕದ ಊರೇ.

ಮೊದಮೊದಲು ನಾನು "ಅದೆಲ್ಲ ಈಗ ಇಲ್ಲ ಸಾರ್" ಅಂತ ಮೆಲ್ಲಗೆ ತೇಲಿಸುತ್ತಿದ್ದೆ. ಅದು ತಪ್ಪಾಯಿತು. ಮೆಲ್ಲಗೆ ಹೇಳಿದ್ದನ್ನು ಜನ "ಬಂದ ಮೇಲೆ ನೋಡೋಣ" ಅಂತ ಕೇಳಿಸಿಕೊಳ್ಳುತ್ತಾರೆ. ಒಂದು ಗುಂಪು ತಲೆಗೆ ಕಟ್ಟುವ ಬ್ಯಾಟರಿ, ಏರ್‌ಗನ್ ಸಮೇತ ಬಂದಿಳಿಯಿತು. ರಾತ್ರಿ ಹತ್ತು ಗಂಟೆಗೆ ಅವರನ್ನು ವಾಪಸು ಕಳಿಸಬೇಕಾಯಿತು. ಮುಂಗಡ ದುಡ್ಡೂ ಹೋಯಿತು, ಮಾತೂ ಕೆಟ್ಟಿತು.

ಈಗ ನಾನು ಕಾಯ್ದೆಯನ್ನೇ ಹೇಳುತ್ತೇನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಅಂದರೆ ಗುಂಡು ಹೊಡೆಯುವುದಷ್ಟೇ ಅಲ್ಲ. ಉರುಲು ಒಡ್ಡುವುದು, ಹಿಡಿಯುವುದು, ಬೆನ್ನಟ್ಟಿ ಓಡಿಸುವುದು, ಅದಕ್ಕೆ ಪ್ರಯತ್ನ ಪಡುವುದು, ಹಕ್ಕಿಯ ಮೊಟ್ಟೆ ಗೂಡು ಕೆಡಿಸುವುದು, ಎಲ್ಲವೂ ಬೇಟೆಯೇ. ಬೆಳೆ ತಿನ್ನುವ ಹಂದಿಯ ವಿಚಾರಕ್ಕೆ ರೈತನಿಗೆ ಅರಣ್ಯ ಇಲಾಖೆಯ ಕಡೆಯಿಂದ ಬೇರೆ ದಾರಿ ಇದೆ. ಅದು ಬಂದವರ ವಿನೋದಕ್ಕೆ ಇರುವ ದಾರಿಯಲ್ಲ. ಇದನ್ನು ಕೇಳಿದ ಮೇಲೆ ಹತ್ತರಲ್ಲಿ ಇಬ್ಬರು ಬರುವುದಿಲ್ಲ. ಬರುವ ಎಂಟು ಜನ ಒಳ್ಳೆಯ ಅತಿಥಿಗಳಾಗಿರುತ್ತಾರೆ.

2. ನಿಯಮ ಮೊದಲು ಮನೆಯವರಿಗೆ

ಇದನ್ನು ಬರೆಯುವುದು ಕಷ್ಟ, ಆದರೂ ಬರೆಯಬೇಕು. ನಮ್ಮ ತೋಟದಲ್ಲಿ ಬೇಟೆಯ ನಿಯಮ ನಿಜವಾಗಿ ಮುರಿದದ್ದು ಅತಿಥಿಯಲ್ಲ, ನಮ್ಮದೇ ನೆಂಟ.

ಒಂದು ಮಾರ್ಲಮಿ ಹಬ್ಬ. ಹಿರಿಯರಿಗೆ ಎಡೆ ಇಡುವ ದಿನ. ಬೆಂಗಳೂರಿನ ಎರಡು ಕುಟುಂಬ ಕೋಣೆಗಳಲ್ಲಿದ್ದವು. ಹತ್ತಿರದ ನೆಂಟರ ಹುಡುಗನೊಬ್ಬ ಚೀಲದಲ್ಲಿ ಮೊಲ ತಂದು ಹಿತ್ತಿಲ ಕಟ್ಟೆಯ ಮೇಲಿಟ್ಟ. "ದೊಡ್ಡಪ್ಪಂಗೆ ಇಷ್ಟ ಅಂತ ತಂದೆ" ಅಂದ. ಪ್ರೀತಿಯಿಂದಲೇ ತಂದಿದ್ದ. ಕೋಣೆಯಲ್ಲಿದ್ದ ಒಂದು ಮಗು ಅದನ್ನು ನೋಡಿ, "ಆಂಟಿ, ಇಲ್ಲಿ ಬೇಟೆ ಇಲ್ಲ ಅಂತ ಬೋರ್ಡಲ್ಲಿ ಬರ್ದಿದೆಯಲ್ಲಾ?" ಅಂತ ನನ್ನನ್ನು ಕೇಳಿತು. ನನಗೆ ಉತ್ತರ ಬರಲಿಲ್ಲ.

ಮಾವನವರು ಜಗಲಿಯಿಂದ ಎದ್ದು ಬಂದರು. ಆಗ ಅವರಿಗೆ ಎಪ್ಪತ್ತು ದಾಟಿತ್ತು. ಹುಡುಗನಿಗೆ ಬಯ್ಯಲಿಲ್ಲ. "ನಾನು ತಿಂದಿದ್ದೆಲ್ಲ ನಿನ್ನ ವಯಸ್ಸಿಗೆ ಮುಗೀತು ಕಣಪ್ಪ. ಇನ್ನೊಂದ್ಸಲ ಈ ಮನೆ ಬಾಗ್ಲಿಗೆ ತರ್ಬೇಡ" ಅಂದರು. ಎಡೆಗೆ ಆ ಸಲ ನಾಟಿಕೋಳಿಯಷ್ಟೇ ಆಯಿತು. ಅವರ ಹತ್ತಿರ ಬೆಳೆ ರಕ್ಷಣೆಗೆ ಅಂತ ಪರವಾನಗಿ ಇದ್ದ ಒಂಟಿನಳಿಗೆ ಕೋವಿಯೊಂದಿತ್ತು. ಚುನಾವಣೆ ಬಂದಾಗಲೆಲ್ಲ ಕೋವಿಗಳನ್ನು ಪೊಲೀಸ್ ಠಾಣೆಗೆ ಒಪ್ಪಿಸಿ, ಮುಗಿದ ಮೇಲೆ ಬಿಡಿಸಿಕೊಂಡು ಬರುವುದು ನಮ್ಮ ಕಡೆಯ ರೂಢಿ. ಅದಾದ ಮೇಲಿನ ಚುನಾವಣೆಗೆ ಕೊಟ್ಟ ಕೋವಿಯನ್ನು ಬಿಡಿಸಿಕೊಂಡು ಬರುವ ಮಾತನ್ನೇ ಅವರು ಎತ್ತಲಿಲ್ಲ. ಪರವಾನಗಿ ಬೇಡವೆಂದು ಬರೆದುಕೊಟ್ಟರು.

ಕಬಿನಿಯ ದಂಡೆಯ ಕಾರಾಪುರದಲ್ಲಿ ಮಹಾರಾಜರು ಬೇಟೆಗೆ ಬಂದಾಗ ಉಳಿಯುತ್ತಿದ್ದ ಬಂಗಲೆಯೇ ಈಗ ಪ್ರಾಣಿ ನೋಡಲು ಬರುವವರ ವಸತಿ. 1980ರಲ್ಲಿ ಸರ್ಕಾರ ಕಟ್ಟಿದ ಜಂಗಲ್ ಲಾಡ್ಜಸ್ ಸಂಸ್ಥೆಯ ಕೈಗೆ ಅದು ಬಂದಾಗ ಅದನ್ನು ನಡೆಸಿ ಬೆಳೆಸಿದ ಕರ್ನಲ್ ವೇಕ್‌ಫೀಲ್ಡ್ ಕೂಡ ಹಿಂದೆ ಬೇಟೆಗಾರರೇ. ಬೇಟೆಯ ಮನೆ ನೋಟದ ಮನೆಯಾಗಲು ಹಳೇ ಬೇಟೆಗಾರನೇ ಬೇಕಾಗುತ್ತಾನೆ ಅಂತ ನನಗೆ ಅನಿಸುವುದು ಮಾವನವರನ್ನು ಕಂಡು. ಗೌಜಲಕ್ಕಿ ಯಾವ ಪೊದೆಯಲ್ಲಿ ಕೂರುತ್ತದೆ, ಮುಂಗುಸಿ ಯಾವ ಹೊತ್ತಿಗೆ ದಾಟುತ್ತದೆ, ಕಾಡುಪಾಪ ಯಾವ ಬೇಲಿಯಲ್ಲಿದೆ, ಎಲ್ಲ ಅವರಿಗೆ ಗೊತ್ತು. ಮಕ್ಕಳನ್ನು ಬೆಳಗ್ಗೆ ಅವರೇ ಕರೆದುಕೊಂಡು ಹೋಗುತ್ತಾರೆ.

3. ಕೆರೆ ನಮ್ಮದಲ್ಲ

ತೋಟದ ಹಿಂದೆಯೇ ಅಷ್ಟು ದೊಡ್ಡ ನೀರು ಕಾಣುತ್ತಿದ್ದರೆ ಯಾರಿಗಾದರೂ ಅದೂ ಈ ಮನೆಯದೇ ಅನಿಸುತ್ತದೆ. ಬೇಲಿ ದಾಟಿ ಹೋಗಿ ಕೆರೆಗೆ ಗಾಳ ಹಾಕಿದವರೊಬ್ಬರಿಂದ ನಮಗೆ ಊರಿನಲ್ಲಿ ತಲೆ ಎತ್ತದ ಹಾಗಾಯಿತು.

ಬಂದವರಿಗೆ ನಾನು ಹೇಳುವುದು ಹೀಗೆ. ದೊಡ್ಡ ಕೆರೆಗಳ ಮೀನು ಹಿಡಿಯುವ ಹಕ್ಕನ್ನು ಮೀನುಗಾರಿಕೆ ಇಲಾಖೆ ಗುತ್ತಿಗೆಗೆ ಕೊಡುತ್ತದೆ, ಸಣ್ಣ ಕೆರೆಯದನ್ನು ಗ್ರಾಮ ಪಂಚಾಯಿತಿ ಹರಾಜು ಹಾಕುತ್ತದೆ. ಗುತ್ತಿಗೆ ಹಿಡಿದವರು ಸಾಲ ಮಾಡಿ ಮರಿ ತಂದು ಬಿಟ್ಟಿರುತ್ತಾರೆ. ಹೇಮಾವತಿ ನಾಲೆ ನೀರು ಬಂದರೆ ಬಂತು, ಇಲ್ಲದಿದ್ದರೆ ಮಳೆ ನಂಬಿ ಕೂರಬೇಕು. ಕೆರೆ ಏರಿಯ ಮೇಲೆ ಸೋಗೆ ಗುಡಿಸಲು ಹಾಕಿಕೊಂಡು ರಾತ್ರಿಯಿಡೀ ಕಾಯುತ್ತಾರೆ. ನೀವು ಎಳೆದ ಎರಡು ಕೆ.ಜಿ. ಕಾಟ್ಲಾ ಅವರ ಒಂದು ದಿನದ ಅನ್ನ.

ಅವತ್ತು ಕಾವಲಿನವರು ಗಾಳದ ಕೋಲು ಕಿತ್ತುಕೊಂಡರು. ನಮ್ಮ ಅತಿಥಿ "ಎಷ್ಟು ಬೇಕು ಹೇಳಿ, ಕೊಡ್ತೀನಿ" ಅಂದರು. ಜಗಳ ಹತ್ತಿದ್ದು ಕಳ್ಳತನಕ್ಕಲ್ಲ, ಆ ಮಾತಿಗೆ. ನನ್ನ ಗಂಡ ಹೋಗಿ ಕೈಮುಗಿದು ಬಂದರು. ಮಾರನೆಯ ವಾರ ಗುತ್ತಿಗೆಯವರ ಜೊತೆ ಕೂತು ಒಂದು ಮಾತು ಮಾಡಿಕೊಂಡೆವು: ನಮ್ಮಲ್ಲಿಗೆ ಬಂದವರು ಕೆರೆ ಏರಿಯ ಮೇಲೆ ನಡೆಯಬಹುದು, ಹಕ್ಕಿ ನೋಡಬಹುದು, ಅವರು ಬಲೆ ಎಳೆಯುವ ದಿನ ದಡದಲ್ಲಿ ನಿಂತು ಮೀನು ಕೊಳ್ಳಬಹುದು. ಗಾಳ ನಮ್ಮ ಕೊಳಕ್ಕೆ ಮಾತ್ರ. ಈಗ ಬಲೆ ಎಳೆಯುವ ಹಿಂದಿನ ರಾತ್ರಿ ಅವರೇ ಫೋನ್ ಮಾಡಿ ಹೇಳುತ್ತಾರೆ.

ಕೋಣೆಗೆ ಬಾಡಿಗೆ ಕೊಟ್ಟರೆ ಕೆರೆಗೆ, ದಾರಿಗೆ, ಊರ ದೇವಸ್ಥಾನಕ್ಕೆ, ಪಕ್ಕದವರ ತೋಟದ ಎಳನೀರಿಗೆ ಕೊಟ್ಟಂತಲ್ಲ. ಇಷ್ಟನ್ನು ಬಂದ ಅರ್ಧ ಗಂಟೆಯೊಳಗೆ, ಕಾಫಿ ಕೊಡುವಾಗಲೇ ಹೇಳಬೇಕು. ತಪ್ಪು ನಡೆದ ಮೇಲೆ ಹೇಳಿದರೆ ಅದು ಬೈಗುಳವಾಗಿಬಿಡುತ್ತದೆ.

4. ಮೀನು ಬಾಯಿಬಿಡುತ್ತಿದ್ದರೆ ಅವತ್ತು ಗಾಳವಿಲ್ಲ

ಹೊಸಬರಿಗೆ ಇದು ಅರ್ಥವಾಗುವುದು ನಿಧಾನ. ಬೆಳಗಿನ ಜಾವ ಎದ್ದು ಬಂದು ನೋಡುತ್ತಾರೆ: ಕೊಳದ ತುಂಬ ಮೀನು ಮೇಲೆ ಬಂದು ಬಾಯಿ ತೆರೆದು ಮುಚ್ಚಿ ಮಾಡುತ್ತಿರುತ್ತವೆ. "ಎಷ್ಟೊಂದು ಹಸಿದಿವೆ ನೋಡಿ!" ಅಂತ ಕೋಲು ತರಲು ಓಡುತ್ತಾರೆ.

ಹಸಿವಲ್ಲ ಅದು, ಉಸಿರು ಕಟ್ಟಿರುವುದು. ಹಗಲು ಬಿಸಿಲಿರುವಾಗ ನೀರಿನ ಪಾಚಿ ಆಮ್ಲಜನಕ ಬಿಡುತ್ತದೆ. ರಾತ್ರಿ ಅದೇ ಪಾಚಿಯೂ ಮೀನೂ ಸೇರಿ ಅದನ್ನು ಉಸಿರಾಡುತ್ತವೆ. ಹಾಗಾಗಿ ಹೊತ್ತು ಮೂಡುವ ಮುಂಚೆ ನೀರಿನಲ್ಲಿ ಗಾಳಿ ತೀರಾ ಕಡಿಮೆ. ಮೋಡ ಮುಚ್ಚಿದ ದಿನಗಳಲ್ಲಿ, ಬೇಸಿಗೆಯಲ್ಲಿ ನೀರು ತಗ್ಗಿದಾಗ ಇನ್ನೂ ಕಡಿಮೆ. ಅಂಥ ಹೊತ್ತಿನಲ್ಲಿ ಗಾಳಕ್ಕೆ ಸಿಕ್ಕಿ ಒದ್ದಾಡಿದ ಮೀನನ್ನು ಬಿಟ್ಟರೂ ಅದು ಬದುಕುವುದಿಲ್ಲ. ಮಧ್ಯಾಹ್ನಕ್ಕೆ ಹೊಟ್ಟೆ ಮೇಲಾಗಿ ತೇಲುತ್ತದೆ. ಮೊದಲ ಬೇಸಿಗೆಯಲ್ಲಿ ನಮಗೆ ಇದು ತಿಳಿಯದೆ ಒಂದೇ ವಾರದಲ್ಲಿ ಹನ್ನೊಂದು ದೊಡ್ಡ ಮೀನು ಹೋದವು.

ಈಗ ಬೆಳಗ್ಗೆ ಮೊದಲು ಕೊಳ ನೋಡುವುದು ನನ್ನ ಗಂಡ. ಮೀನು ಮೇಲೆ ಬಾಯಿಬಿಡುತ್ತಿದ್ದರೆ ಬೋರ್‌ವೆಲ್ ನೀರನ್ನು ಎತ್ತರದಿಂದ ಚಿಮ್ಮಿ ಬೀಳುವಂತೆ ಬಿಡುತ್ತಾರೆ, ಮೇವು ಹಾಕುವುದಿಲ್ಲ, ದಡದ ಕಂಬಕ್ಕೆ ಕೆಂಪು ಬಟ್ಟೆ ಕಟ್ಟುತ್ತಾರೆ. ಬಟ್ಟೆ ಇದ್ದರೆ ಗಾಳವಿಲ್ಲ. ನೂರೈವತ್ತು ಕಿಲೋಮೀಟರ್ ದೂರದಿಂದ ಬಂದವರಿಗೆ ಹಾಗೆ ಹೇಳುವುದು ಸಂಕಟವೇ. ಆದರೂ ಕಾರಣ ಹೇಳಿದರೆ ಮಕ್ಕಳು ದೊಡ್ಡವರಿಗಿಂತ ಬೇಗ ಒಪ್ಪುತ್ತಾರೆ.

5. ತಲೆಗೆ ಎರಡು ಮೀನು, ಹಲಗೆಗಿಂತ ಗಿಡ್ಡದ್ದು ನೀರಿಗೆ

ಈ ನಿಯಮ ಅಮೆರಿಕದಿಂದ ಬಂತು. ರಜೆಗೆ ಬಂದಿದ್ದ ನಮ್ಮ ಕಡೆಯವರೇ ಒಬ್ಬರು, ಅಲ್ಲಿ ನೆಲೆಸಿರುವವರು, ನಮ್ಮ ಕೊಳದಲ್ಲಿ ಬೆರಳುದ್ದದ ಮೀನನ್ನೂ ಬುಟ್ಟಿಗೆ ಹಾಕುತ್ತಿದ್ದವರನ್ನು ನೋಡಿ ಬೇಜಾರು ಮಾಡಿಕೊಂಡರು. ಅಲ್ಲಿ ಗಾಳ ಹಾಕಲು ಆಯಾ ರಾಜ್ಯದ ಪರವಾನಗಿ ಬೇಕಂತೆ. ದಿನಕ್ಕೆ ಎಷ್ಟು ಮೀನು, ಯಾವ ಜಾತಿ ಎಷ್ಟು ಉದ್ದವಿರಬೇಕು ಎಂದೆಲ್ಲ ಲೆಕ್ಕವಿದೆಯಂತೆ. ಅವರೇ ಒಂದು ಹಲಗೆಗೆ ಗೆರೆ ಕೊರೆದು ದಡದ ಕಂಬಕ್ಕೆ ಹೊಡೆದು ಹೋದರು. ಆ ಹಲಗೆ ಇನ್ನೂ ಇದೆ. ಅದಕ್ಕಿಂತ ಗಿಡ್ಡವಾದ ಮೀನು ವಾಪಸು.

ಬಿಡುವುದಕ್ಕೂ ಒಂದು ರೀತಿ ಇದೆ. ಕೈ ಒದ್ದೆ ಮಾಡಿಕೊಳ್ಳದೆ ಮುಟ್ಟಿದರೆ ಮೈಮೇಲಿನ ಲೋಳೆ ಹೋಗಿ ಮೀನಿಗೆ ಹುಣ್ಣಾಗುತ್ತದೆ. ಕಿವಿರಿಗೆ ಬೆರಳು ಹಾಕಿ ಎತ್ತಬಾರದು. ಫೋಟೊಗೆ ಅಂತ ನಾಲ್ಕು ನಿಮಿಷ ನೀರಾಚೆ ಹಿಡಿದು ಆಮೇಲೆ ಬಿಟ್ಟರೆ ಬಿಟ್ಟಂತಲ್ಲ. ಗಾಳದ ಕೊಕ್ಕೆಯ ಒಳಮುಳ್ಳನ್ನು ಇಕ್ಕಳದಿಂದ ಅದುಮಿ ನುಣುಪು ಮಾಡಿ ಕೊಡುವುದು ನಮ್ಮ ಮಗನ ಕೆಲಸ. ಭೀಮೇಶ್ವರಿಯಲ್ಲಿ ಕಾವೇರಿಯ ದೊಡ್ಡ ಮಹಸೀರ್ ಮೀನನ್ನು ರಾಗಿ ಹಿಟ್ಟಿನ ಉಂಡೆಗೆ ಹಿಡಿದು, ತೂಕ ನೋಡಿ, ನದಿಗೇ ಬಿಡುತ್ತಿದ್ದ ಕಾಲದಲ್ಲಿ ಅವನು ಒಮ್ಮೆ ಹೋಗಿದ್ದ. ಅಲ್ಲಿನ ಗಾಳಗಾರರಿಂದ ಕಲಿತದ್ದು. ಅದು ಅಭಯಾರಣ್ಯದ ಜಾಗ, ಈಗ ಅಲ್ಲಿ ಗಾಳ ನಿಂತಿದೆ. ಕಾವೇರಿಯ ಆ ಗೂನುಬೆನ್ನಿನ ಮಹಸೀರ್ ಇವತ್ತು ಅಳಿವಿನ ಅಂಚಿಗೆ ಬಂದಿದೆ ಅಂದಾಗ ಎಷ್ಟೋ ಜನರಿಗೆ ನಂಬಿಕೆಯೇ ಬರುವುದಿಲ್ಲ.

ಮಳೆಗಾಲದಲ್ಲಿ ಕೊರವನ ವಿಚಾರ ಬೇರೆ ಹೇಳಬೇಕು. ಅದನ್ನು ನಾವು ಬಿಟ್ಟಿದ್ದಲ್ಲ, ನೀರಿನ ಜೊತೆ ತಾನೇ ಬಂದದ್ದು. ಅದರ ಮರಿಗಳು ಕೆಂಪಗೆ ಉಂಡೆ ಕಟ್ಟಿಕೊಂಡು ನೀರಿನ ಮೇಲ್ಮೈಯಲ್ಲಿ ಓಡಾಡುತ್ತಿರುತ್ತವೆ, ತಾಯಿ ತಂದೆ ಕೆಳಗೆ ಕಾಯುತ್ತಿರುತ್ತವೆ. ಆ ಉಂಡೆಯ ಹತ್ತಿರ ಏನು ಎಸೆದರೂ ದೊಡ್ಡ ಕೊರವ ನುಗ್ಗಿ ಕಚ್ಚುತ್ತದೆ. ಗಾಳ ಬಲ್ಲವರಿಗೆ ಈ ಗುಟ್ಟು ಗೊತ್ತು. ಹಸಿವಿಗಲ್ಲ, ಮರಿ ಉಳಿಸಿಕೊಳ್ಳಲು ಕಚ್ಚುವ ಮೀನನ್ನು ನಮ್ಮ ಕೊಳದಲ್ಲಿ ಹಿಡಿಯಕೂಡದು. ತಾಯಿ ಹೋದ ಅರ್ಧ ದಿನದಲ್ಲಿ ಆ ಮರಿಗಳನ್ನೆಲ್ಲ ಬೇರೆ ಮೀನು ನುಂಗುತ್ತವೆ. ಈ ಒಂದು ನಿಯಮ ಮುರಿದವರನ್ನು ಮತ್ತೆ ಕರೆದಿಲ್ಲ.

ಇನ್ನೊಂದು: ಹೊರಗಿನಿಂದ ಜೀವಂತ ಮೀನು ತಂದು ಬಿಡುವ ಹಾಗಿಲ್ಲ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕುವುದನ್ನು ಕೇಂದ್ರ ಸರ್ಕಾರ 2000ದಲ್ಲೇ ನಿಷೇಧಿಸಿದೆ. ಒಂದು ಬಂದರೆ ಕೊಳವೇ ಅದರದಾಗುತ್ತದೆ; ಕೋಡಿ ಹರಿದರೆ ಊರ ಕೆರೆಯೂ.

6. ತಂಗೂಸಿ ಚೂರು ಜೇಬಿಗೆ

ಕಡಿದ ತಂಗೂಸಿ ದಾರವನ್ನು ದಡದಲ್ಲಿ ಬಿಡಬೇಡಿ. ಮಿಂಚುಳ್ಳಿಯೊಂದು ಕಾಲಿಗೆ ಸುತ್ತಿಕೊಂಡು ಎರಡು ದಿನ ಕೊಂಬೆಯಲ್ಲಿ ನೇತಾಡಿ ಸತ್ತದ್ದನ್ನು ನಾನು ನೋಡಿದ್ದೇನೆ. ಕೋಲು ಕೊಡುವಾಗಲೇ ಒಂದು ಖಾಲಿ ಡಬ್ಬ ಕೊಡುತ್ತೇವೆ, ವಾಪಸು ಕೊಡುವಾಗ ಡಬ್ಬವನ್ನೂ ಕೇಳುತ್ತೇವೆ.

7. ಕೃಷಿಹೊಂಡದ ಹತ್ತಿರ ಯಾರೂ ಒಂಟಿಯಾಗಿ ಹೋಗಕೂಡದು

ಉಳಿದ ನಿಯಮಗಳಲ್ಲಿ ಒಂದಿಷ್ಟು ಸಡಿಲ ಇರಬಹುದು. ಇದರಲ್ಲಿ ಇಲ್ಲ.

ನೀರು ಇಂಗದಿರಲಿ ಅಂತ ಕೃಷಿಹೊಂಡಕ್ಕೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿರುತ್ತದೆ. ನಾಲ್ಕೂ ಕಡೆ ಇಳಿಜಾರು. ಹಾಳೆಯ ಮೇಲೆ ಪಾಚಿ ಕಟ್ಟಿದರೆ ಬರಿಗಾಲೂ ನಿಲ್ಲುವುದಿಲ್ಲ. ಈಜು ಬಲ್ಲವರಿಗೂ ಅದರಿಂದ ಮೇಲೆ ಹತ್ತಲು ಆಗುವುದಿಲ್ಲ. ಹಿಡಿಯಲು ಒಂದು ಬೇರಿಲ್ಲ, ಕಲ್ಲಿಲ್ಲ. ನಮ್ಮ ರಾಜ್ಯದಲ್ಲಿ ಇಂಥ ಹೊಂಡಗಳಿಗೆ ಬಿದ್ದು ಮಕ್ಕಳು ಸತ್ತ ಸುದ್ದಿ ಪ್ರತಿ ಬೇಸಿಗೆಯಲ್ಲೂ ಪತ್ರಿಕೆಯಲ್ಲಿ ಬರುತ್ತದೆ. ಒಬ್ಬರನ್ನು ಎಳೆಯಲು ಹೋಗಿ ಇನ್ನೊಬ್ಬರೂ ಹೋಗಿರುತ್ತಾರೆ.

ನಮ್ಮಲ್ಲೂ ಒಂದು ಮಧ್ಯಾಹ್ನ ಇಪ್ಪತ್ತೆರಡು ವರ್ಷದ ಹುಡುಗ, ಒಳ್ಳೆಯ ಈಜುಗಾರ, ಮುಖ ತೊಳೆಯಲು ಬಗ್ಗಿದವನು ಜಾರಿದ. ಕಾಯಿ ಕೀಳಲು ಬಂದಿದ್ದವರೊಬ್ಬರು ಕೂಗು ಕೇಳಿ ಓಡಿಬಂದು ತಮ್ಮ ಹಗ್ಗವನ್ನೇ ಎಸೆದು ಎಳೆದರು. ಅವರು ಆ ದಿನ ಬರದೆ ಇದ್ದಿದ್ದರೆ ನಾನು ಈ ಬರಹ ಬರೆಯುತ್ತಿರಲಿಲ್ಲ.

ಆ ಸಂಜೆಯೇ ನಾಲ್ಕು ದಿಕ್ಕಿಗೂ ಗಂಟು ಹಾಕಿದ ಹಗ್ಗ ಕಟ್ಟಿ ನೀರಿಗೆ ಇಳಿಬಿಟ್ಟೆವು, ಗಾಳಿ ತುಂಬಿದ ಟ್ರ್ಯಾಕ್ಟರ್ ಟ್ಯೂಬ್ ಎರಡನ್ನು ಇಟ್ಟೆವು. ತಿಂಗಳೊಳಗೆ ಸುತ್ತ ತಂತಿ ಬೇಲಿ, ಬೀಗ ಹಾಕುವ ಬಾಗಿಲು ಬಂತು. ಮಣ್ಣಿನ ಕೊಳದ ದಡದಲ್ಲೂ ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಲೈಫ್ ಜಾಕೆಟ್ ಕಡ್ಡಾಯ. ಕುಡಿದವರು ನೀರಿನ ಹತ್ತಿರ ಬರುವ ಹಾಗಿಲ್ಲ. "ಒಂದು ಬಿಯರ್ ಅಷ್ಟೇ" ಅನ್ನುವವರಿಗೂ ಇದೇ ಮಾತು. ಹೆಂಡದ ಬಗ್ಗೆಯೂ ಕೇಳುತ್ತಾರೆ, ತೆಂಗಿನ ಸೀಮೆಯಲ್ಲವೇ. ನಮ್ಮ ಜಿಲ್ಲೆಯಲ್ಲಿ ಸೇಂದಿ ಇಳಿಸಲು ಅನುಮತಿ ಇಲ್ಲ, ನಾವು ಇಳಿಸುವುದೂ ಇಲ್ಲ.

ತೋಟದ ಮನೆ ಮಾಡುವವರು ಹಾಸಿಗೆ ದಿಂಬು ಕೊಳ್ಳುವ ಮೊದಲು ಈ ಬೇಲಿ ಹಾಕಿಸಿ.

8. ಮರದ ಕೆಳಗೆ ಕುರ್ಚಿ ಹಾಕಬೇಡಿ

ತಿಪಟೂರಿನ ತೆಂಗು ಎತ್ತರದ ತಳಿ. ಬಲಿತ ಕಾಯಿಯೋ ಒಣಗಿದ ಗರಿಯೋ ಯಾವ ಹೊತ್ತಿಗೆ ಬೀಳುತ್ತದೆ ಅಂತ ಮರಕ್ಕೇ ಗೊತ್ತಿಲ್ಲ. ಕಾರು, ಉಯ್ಯಾಲೆ, ಮಗುವಿನ ತಳ್ಳುಗಾಡಿ ಎಲ್ಲ ಅಂಗಳದಲ್ಲಿ ಮಾತ್ರ. ಕಾಯಿ ಕೀಳುವ ದಿನ ತೋಟಕ್ಕೆ ಯಾರನ್ನೂ ಬಿಡುವುದಿಲ್ಲ. ಅಟ್ಟಕ್ಕೂ ಕೇಳದೆ ಹತ್ತಬಾರದು: ಕಾಯಿ ಅಲ್ಲಿ ಹತ್ತು ಹನ್ನೆರಡು ತಿಂಗಳು ಸಿಪ್ಪೆಯೊಳಗೇ ಒಣಗಿ ಗಿಟುಕಾಗಬೇಕು. ನಮಗೆ ಅದು ವರ್ಷದ ಆದಾಯ, ಮಕ್ಕಳಿಗೆ ಚೆಂಡಿನ ರಾಶಿ. ತೋರಿಸಿ ಅಂದರೆ ಖುಷಿಯಿಂದ ತೋರಿಸುತ್ತೇವೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ಗಿಟುಕಿನ ಸದ್ದು ಕೇಳಿಸುತ್ತೇವೆ.

9. ಒಲೆ ಅತ್ತೆಯದು

ಮೀನು ಹಿಡಿದವರಿಗೆ ತಾವೇ ಅಡುಗೆ ಮಾಡುವ ಆಸೆ. ಅದಕ್ಕೆ ತೋಟದಲ್ಲಿ ಬೇರೆ ಒಲೆ ಹೂಡಿದ್ದೇವೆ, ಸೌದೆ, ಮಟ್ಟೆ, ಚಿಪ್ಪು ಕೊಡುತ್ತೇವೆ. ಮನೆಯೊಳಗಿನ ಒಲೆ ಅತ್ತೆಯದು. ಸೋಮವಾರ ಮತ್ತು ಶ್ರಾವಣದ ಶನಿವಾರ ನಮ್ಮ ಮನೆಯಲ್ಲಿ ಮೀನು ಮಾಂಸ ಬೇಯುವುದಿಲ್ಲ, ತೋಟದ ಒಲೆಯಲ್ಲೂ ಇಲ್ಲ. ಆ ದಿನಗಳಲ್ಲಿ ಹಿಡಿದದ್ದೆಲ್ಲ ನೀರಿಗೆ. ಕೋಣೆ ಕೊಡುವಾಗಲೇ ದಿನ ನೋಡಿ ಹೇಳುತ್ತೇನೆ. ಮೊದಲೊಂದು ಸಲ ಹೇಳಲು ಮರೆತು, ಸೋಮವಾರ ಮೀನು ಕೊಯ್ದು ಕೂತವರ ಮುಂದೆ ಅತ್ತೆ ಏನೂ ಅನ್ನದೆ ಒಳಗೆ ಹೋಗಿ ಅವತ್ತು ಊಟ ಬಿಟ್ಟರು. ಅವರ ಉಪವಾಸ ನನ್ನ ಮರೆವಿನಿಂದ ಆದದ್ದು.

ಮೀನು ತೊಳೆಯುವುದು ಕೊಳದ ದಡದಲ್ಲೂ ಅಲ್ಲ, ನೀರಿನ ತೊಟ್ಟಿಯಲ್ಲೂ ಅಲ್ಲ. ಅದಕ್ಕೊಂದು ಕಲ್ಲು ಹಾಕಿದ್ದೇವೆ. ಕರುಳು, ಪೊರೆ, ತಲೆ ಎಲ್ಲ ತೆಂಗಿನ ಪಾತಿಯಲ್ಲಿ ಮೊಣಕೈ ಆಳದ ಗುಂಡಿಗೆ. ಗೊಬ್ಬರವೂ ಆಯಿತು, ನಾಯಿ ಹೊತ್ತುಕೊಂಡು ಹೋಗುವುದೂ ತಪ್ಪಿತು.

ಊಟಕ್ಕೆ ಕರೆದಾಗ ಬನ್ನಿ. ಮುದ್ದೆ ಆರಿದರೆ ಮುದ್ದೆಯಲ್ಲ. ಹುಣಸೆಹುಳಿ, ಹಸಿಕೊಬ್ಬರಿ ರುಬ್ಬಿ ಹಾಕಿ ಅತ್ತೆ ಮಾಡುವ ಮೀನುಸಾರಿಗೆ ಎಂಬತ್ತರ ಹತ್ತಿರದ ಕೈ ದುಡಿದಿರುತ್ತದೆ. ಫೋನ್ ನೋಡುತ್ತ ಇಪ್ಪತ್ತು ನಿಮಿಷ ಕಾಯಿಸುವುದು ಆ ಕೈಗೆ ಮಾಡುವ ಅವಮಾನ.

10. ಕೆಲಸದವರನ್ನು ಹೆಸರು ಹಿಡಿದು ಕೂಗುವ ಮೊದಲು

"ಏಯ್, ಒಂದು ಎಳನೀರು ತಾರೋ" ಅಂತ ಒಬ್ಬರು ಕೂಗಿದ್ದು ಅರವತ್ತು ವರ್ಷದವರನ್ನು. ಅವರು ನನ್ನ ಗಂಡನಿಗೆ ಮರ ಹತ್ತಲು ಕಲಿಸಿದವರು, ನಾನು ಅವರನ್ನು ಅಣ್ಣ ಅನ್ನುತ್ತೇನೆ. ಅವರು ಎಳನೀರು ತಂದುಕೊಟ್ಟರು. ಮಾರನೆ ದಿನ ಕೆಲಸಕ್ಕೆ ಬರಲಿಲ್ಲ.

ಈಗ ಬಂದವರಿಗೆ ಮೊದಲು ಪರಿಚಯ ಮಾಡಿಸುತ್ತೇನೆ: ಇವರು ಅಣ್ಣ, ಇವರು ಅಕ್ಕ, ಇವರು ಅಜ್ಜಿ, ಹೀಗೇ ಕರೀಬೇಕು. ಸಂಬಂಧದ ಹೆಸರು ಬಾಯಿಗೆ ಬಂದ ಮೇಲೆ ದನಿ ತಾನಾಗಿ ತಗ್ಗುತ್ತದೆ. ವಿಡಿಯೊಗೆ ಅಂತ ಮರವನ್ನು ಎರಡನೇ ಸಲ ಹತ್ತಿಸುವುದು ಬೇಡ. ಪ್ರತಿ ಹತ್ತುವಿಕೆಯೂ ಜೀವದ ಮೇಲಿನದು. ಕೆರೆಯಲ್ಲಿ ಬಟ್ಟೆ ಒಗೆಯುವ ಹೆಂಗಸರ ಕಡೆಗೆ ಕ್ಯಾಮೆರಾ ತಿರುಗಿಸಬೇಡಿ. ಭಕ್ಷೀಸು ಕೊಡುವುದಿದ್ದರೆ ಜಗಲಿಯ ಡಬ್ಬಿಗೆ ಹಾಕಿ. ತಿಂಗಳ ಕೊನೆಗೆ ಎಲ್ಲರಿಗೂ ಸಮನಾಗಿ ಹಂಚುತ್ತೇವೆ, ಕಣ್ಣಿಗೆ ಬೀಳದೆ ಹಿತ್ತಿಲ ಪಾತ್ರೆ ತೊಳೆದವರಿಗೂ.

11. ಕತ್ತಲಾದ ಮೇಲೆ ತೋಟ ಬೇರೆಯವರದು

2019ರ ಕೊನೆಯಿಂದ 2020ರ ಮೊದಲ ತಿಂಗಳುಗಳವರೆಗೆ ತುಮಕೂರು, ಗುಬ್ಬಿ, ಕುಣಿಗಲ್ ತಾಲ್ಲೂಕುಗಳಲ್ಲಿ ಚಿರತೆ ದಾಳಿಗೆ ಜೀವಗಳು ಹೋದವು, ಮಕ್ಕಳದೂ. ನಮ್ಮ ಕಡೆಯೂ ಚಿರತೆ ಓಡಾಡುತ್ತದೆ. ಚಿಕ್ಕನಾಯಕನಹಳ್ಳಿ ಗುಡ್ಡದ ಬದಿಗೆ ಕರಡಿಯೂ ಉಂಟು. ಹೆದರಿಸಲು ಹೇಳುತ್ತಿಲ್ಲ. ಹೊತ್ತು ಮುಳುಗಿದ ಮೇಲೆ ಮಕ್ಕಳು ಅಂಗಳ ದಾಟಬಾರದು, ದೊಡ್ಡವರು ಒಬ್ಬರೇ ಹೋಗಬಾರದು, ಬ್ಯಾಟರಿ ಇಲ್ಲದೆ ಹೋಗಬಾರದು, ಸಾಕುನಾಯಿಯನ್ನು ಹೊರಗೆ ಕಟ್ಟಬಾರದು. ಇಷ್ಟೇ.

ಸದ್ದಿನ ವಿಚಾರದಲ್ಲೂ ನಾವು ಗಟ್ಟಿ. ರಾತ್ರಿ ಒಂಬತ್ತಕ್ಕೆ ಸ್ಪೀಕರ್ ಬಂದ್. ಫೋನಿನಲ್ಲಿ ಹಕ್ಕಿಯ ಕೂಗು ಹಾಕಿ ಹಕ್ಕಿಯನ್ನು ಕರೆಯುವವರು ಈಗ ಹೆಚ್ಚಾಗಿದ್ದಾರೆ. ಗೂಡು ಕಟ್ಟುವ ಕಾಲದಲ್ಲಿ ಅದು ತನ್ನ ಜಾಗಕ್ಕೆ ಇನ್ನೊಬ್ಬ ಬಂದ ಅಂತ ಮೊಟ್ಟೆ ಬಿಟ್ಟು ಜಗಳಕ್ಕೆ ಬರುತ್ತದೆ. ಕೋವಿ ಇಲ್ಲದೆಯೂ ಬೇಟೆಯ ಹಟ ಹೀಗೆ ಉಳಿದಿರುತ್ತದೆ. ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಊರ ನಡುವಿನ ಮರಗಳಲ್ಲಿ ಕೊಕ್ಕರೆಗಳು ಗೂಡು ಕಟ್ಟುತ್ತವೆ, ಊರವರೇ ಕಾಯುತ್ತಾರೆ. ಒಮ್ಮೆ ಹೋಗಿ ಬನ್ನಿ ಅಂತ ನಮ್ಮ ಅತಿಥಿಗಳಿಗೆ ಹೇಳುತ್ತೇನೆ. ಮನೆಯ ಮಾಡಿನ ಪಕ್ಕದಲ್ಲೇ ಹಕ್ಕಿಯನ್ನು ಹೇಗೆ ಇರಗೊಡುತ್ತಾರೆ ಅಂತ ಅಲ್ಲಿ ಕಾಣುತ್ತದೆ.

12. ಕಾಗದಪತ್ರ

ಎಲ್ಲರ ಗುರುತಿನ ಚೀಟಿ ನೋಡಿ ಪುಸ್ತಕದಲ್ಲಿ ಬರೆದುಕೊಳ್ಳಿ. ವಿದೇಶಿ ಪಾಸ್‌ಪೋರ್ಟಿನವರಾದರೆ 24 ಗಂಟೆಯೊಳಗೆ ಅವರ ವಿವರವನ್ನು ಸರ್ಕಾರಕ್ಕೆ ತಿಳಿಸುವ ಫಾರ್ಮ್ ತುಂಬಬೇಕು, ಅವರು ನಮ್ಮ ಊರಿನ ಮಗಳ ಮಕ್ಕಳೇ ಆಗಿದ್ದರೂ.

13. ದುಡ್ಡು ವಾಪಸು ಕೊಡಲು ಕಲಿಯಿರಿ

2022ರಲ್ಲಿ ನಮ್ಮ ಸೀಮೆಯ ಕೆರೆಗಳು ಕೋಡಿ ಬಿದ್ದವು. ಬಾಗಿನ ಬಿಡುವ ದಿನ ನಮ್ಮ ಅತಿಥಿಗಳೂ ಊರವರ ಹಿಂದೆ ನಡೆದು ಬಂದರು. ಮರುವರ್ಷವೇ ಬರ, ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಸರ್ಕಾರ ಘೋಷಿಸಿತು. 2024ರ ಮಾರ್ಚ್ ಹೊತ್ತಿಗೆ ನಮ್ಮ ಕೊಳದ ನೀರು ಸೊಂಟಕ್ಕಿಳಿದಿತ್ತು. ಕೆಂಪು ಬಟ್ಟೆ ಕಂಬದಿಂದ ಇಳಿಯಲೇ ಇಲ್ಲ.

ಏಪ್ರಿಲ್, ಮೇ ತಿಂಗಳಿಗೆ ಹೇಳಿಟ್ಟಿದ್ದವರಿಗೆಲ್ಲ ಒಂದೊಂದಾಗಿ ಫೋನ್ ಮಾಡಿದೆ. ನೀರಿಲ್ಲ, ಗಾಳವಿಲ್ಲ, ಮುಂಗಡ ವಾಪಸು ಹಾಕುತ್ತೇನೆ ಅಂದೆ. ಕೊಬ್ಬರಿ ಬೆಲೆಯೂ ಬಿದ್ದಿದ್ದ ಕಾಲ ಅದು. ಕೈಯಲ್ಲಿ ಅಷ್ಟು ದುಡ್ಡು ಇರಲಿಲ್ಲ. ಒಂದಿಷ್ಟು ಜನ "ಇರಲಿ ಬಿಡಿ, ಮಳೆ ಆದ್ಮೇಲೆ ಬರ್ತೀವಿ" ಅಂದರು. ಒಂದು ಕುಟುಂಬ ಮಾತ್ರ ಬಂದೇ ಬರುತ್ತೇವೆ ಅಂತು. ಮಾರ್ಲಮಿಯ ದಿನ ನನ್ನನ್ನು ಬೋರ್ಡಿನ ಬಗ್ಗೆ ಕೇಳಿದ ಮಗು ಅವರದೇ. ಈಗ ಅವಳು ಹೈಸ್ಕೂಲು.

ಮೂರು ದಿನ ಇದ್ದರು. ಯಾರೂ ಗಾಳ ಕೇಳಲಿಲ್ಲ. ಬೆಳಗ್ಗೆ ಐದಕ್ಕೆ ಆ ಹುಡುಗಿ ನನ್ನ ಗಂಡನ ಜೊತೆ ಕೊಳದ ದಡದಲ್ಲಿ ಕೂತು, ಮೇಲೆ ಬಂದು ಬಾಯಿಬಿಡುವ ಮೀನುಗಳನ್ನು ಎಣಿಸಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಳು. ಎರಡನೇ ದಿನ ಹೆಚ್ಚಾದವು ಅಂತ ಅವಳೇ ಹೇಳಿದ್ದು. ಅವತ್ತೇ ಡ್ರಮ್ಮುಗಳಲ್ಲಿ ನೀರು ತುಂಬಿ, ದೊಡ್ಡ ಮೀನುಗಳನ್ನು ಬಲೆಯಲ್ಲಿ ಹಿಡಿದು, ಬೋರ್‌ವೆಲ್ ಚೆನ್ನಾಗಿರುವ ಪಕ್ಕದ ತೋಟದವರ ತೊಟ್ಟಿಗೆ ಸಾಗಿಸಿದೆವು. ಅವಳ ಅಪ್ಪ ಅಮ್ಮ ಇಬ್ಬರೂ ಮೊಣಕಾಲವರೆಗೆ ಕೆಸರಾಗಿ ಡ್ರಮ್ ಹಿಡಿದರು. ಲೆಕ್ಕಕ್ಕೆ ನಲವತ್ತಾರು ಮೀನು ಹೋದವು, ಮೂರು ದಾರಿಯಲ್ಲಿ ಸತ್ತವು.

ಜೂನಿನಲ್ಲಿ ಮೊದಲ ದೊಡ್ಡ ಮಳೆ ಬಿದ್ದ ರಾತ್ರಿ ಹತ್ತೂವರೆಗೆ ಫೋನ್ ಬಂತು. "ಆಂಟಿ, ನಿಮ್ಮಲ್ಲೂ ಮಳೆನಾ? ಮೀನು ಯಾವಾಗ ವಾಪಸ್ ತರ್ತೀರ? ಶನಿವಾರ ತನ್ಕ ಇರಿ, ನಾವೂ ಬರ್ತೀವಿ."